ಸಭೆಯ ಸೇವಕರು ಕೆಲಸ ಬಿಟ್ಟು ಹೊರಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ 17 ವರ್ಷ ಕಾರ್ಯದರ್ಶಿಯಾಗಿದ್ದೆ. ಆ ಅವಧಿಯಲ್ಲಿ 4 ಪಾಸ್ಟರುಗಳು, 2 ಉಪದೇಶಿಗಳು (ಪಾಸ್ಟರಿಗೆ ನೆರವಾಗಿ ಬೋಧಿಸುವವರು), ಒಬ್ಬ ಬೈಬಲ್ ವುಮನ್ (ಮನೆ ಮನೆಗೆ ಹೋಗಿ ಸೇವೆ ಮಾಡುವಾಕೆ), 3 ವಾಚ್‌ಮನ್‌ಗಳು, ಲೆಕ್ಕವಿಡಲಾಗದಷ್ಟು ಕೀಬೋರ್ಡ್ ವಾದಕರು ಬಂದು ಹೋದರು. ಕೆಲವರನ್ನು ಚೆನ್ನಾಗಿ ಕಳುಹಿಸಿದೆವು. ಕೆಲವರನ್ನು ಕಳುಹಿಸಿದ ರೀತಿ ನೆನೆದರೆ ಈಗಲೂ ತಲೆ ತಗ್ಗುತ್ತದೆ. ಈ ಅನುಭವ ಊರಿಗೆಲ್ಲ ಗೊತ್ತಾದ ಮೇಲೆ ಜಗಳೂರು, ಹೊಳಲ್ಕೆರೆ, ಹಿರಿಯೂರಿನ ಕಡೆಯ ಸಭೆಗಳಿಂದಲೂ ಕೇಳತೊಡಗಿದರು. ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ ಕೇಳಿದ ಪ್ರಶ್ನೆಗಳೂ ಇಲ್ಲಿವೆ, ನಾಲ್ಕು ಪುಟದ ಪತ್ರದಲ್ಲಿ ಬಂದವೂ ಇವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ.

## ಮೊದಲು ಕೇಳುವವು

ಕರೆ ಎಂದ ಮೇಲೆ ಸಾಯುವ ತನಕ ಅಲ್ಲವೇ? ದೇವರ ಸೇವಕರು ರಾಜೀನಾಮೆ ಕೊಡುವುದು ಸರಿಯೇ?

ಕರೆ ಬೇರೆ, ಹುದ್ದೆ ಬೇರೆ. ಕರೆದವನು ದೇವರು; ಹುದ್ದೆಗೆ ನೇಮಿಸಿದವರು ನಾವು, ನಮ್ಮ ಸಮಿತಿ, ನಮ್ಮ ಠರಾವು ಪುಸ್ತಕ. ಬೈಬಲಿನ ಅಪೊಸ್ತಲ ಪೌಲನು ಕೊರಿಂಥದಲ್ಲಿ ಇದ್ದದ್ದು ಒಂದೂವರೆ ವರ್ಷ, ಎಫೆಸದಲ್ಲಿ ಸುಮಾರು 3 ವರ್ಷ. ಹೊರಟಾಗ ಎಫೆಸದ ಹಿರಿಯರು ಅವನ ಕೊರಳನ್ನು ತಬ್ಬಿಕೊಂಡು ಅತ್ತರೇ ಹೊರತು ಕರೆ ಬಿಟ್ಟು ಓಡಿದವನೆಂದು ಹೇಳಲಿಲ್ಲ.

ಕಥೋಲಿಕರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸುತ್ತದೆ. 1988ರಲ್ಲಿ ಆರಂಭವಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ದಾವಣಗೆರೆ, ಚಿತ್ರದುರ್ಗ ಎರಡೂ ಸೇರುತ್ತವೆ. ಧರ್ಮಾಧ್ಯಕ್ಷರ (ಬಿಷಪರ) ಪತ್ರ ಬಂದರೆ ಫಾದರ್ ಪೆಟ್ಟಿಗೆ ಕಟ್ಟುತ್ತಾರೆ, ಜನ ಹಾರ ಹಾಕಿ ಕಳುಹಿಸುತ್ತಾರೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲೂ ವರ್ಗಾವಣೆ ಮಾಮೂಲು. ತೊಡಕಿರುವುದು ನಮ್ಮಂಥ ಸ್ವತಂತ್ರ ಸಭೆಗಳಲ್ಲಿ. ವರ್ಗಾವಣೆಯ ಪದ್ಧತಿಯೇ ಇಲ್ಲದ ಕಡೆ ಒಬ್ಬರು ಹೊರಟರೂ ಮನೆ ಪಾಲಾದ ಹಾಗೆ ಕಾಣುತ್ತದೆ. ನೇಮಕದ ದಿನವೇ ‘5 ವರ್ಷಕ್ಕೊಮ್ಮೆ ಕೂತು ಮಾತಾಡೋಣ’ ಎಂದು ಬರೆದುಕೊಂಡರೆ ಅರ್ಧ ನೋವು ಕಡಿಮೆಯಾಗುತ್ತದೆ.

ನಮ್ಮ ಉಪದೇಶಿ ಯಾಕೆ ಬಿಟ್ಟರು ಎಂದು ಯಾರೂ ಸರಿಯಾಗಿ ಹೇಳುತ್ತಿಲ್ಲ. ‘ದೇವರ ನಡೆಸುವಿಕೆ’ ಎನ್ನುತ್ತಾರೆ. ನಿಜವಾಗಿ ಏನಿರುತ್ತದೆ?

ನಾನು ಕಂಡಂತೆ ಕಾರಣಗಳು ಬಹಳ ಸಾಧಾರಣ. ಸಂಬಳ, ಬಾಡಿಗೆ ಮನೆ, ಮಕ್ಕಳ ಶಾಲೆ, ಊರಲ್ಲಿ ಹಾಸಿಗೆ ಹಿಡಿದ ತಾಯಿ, ಸಮಿತಿಯ ಒಬ್ಬರ ನಾಲಿಗೆ. ಇವನ್ನು ಹೇಳಿಕೊಳ್ಳಲು ಸೇವಕರಿಗೆ ನಾಚಿಕೆ. ಹಣದ ಮಾತೆತ್ತಿದರೆ ‘ವಿಶ್ವಾಸ ಸಾಲದು’ ಎಂದೇವೆಂಬ ಭಯವೂ ಇದೆ, ಮತ್ತು ಆ ಭಯ ಸುಳ್ಳಲ್ಲ.

ನಮ್ಮಲ್ಲಿದ್ದ ಒಬ್ಬ ಉಪದೇಶಿ ಮೇ ತಿಂಗಳ ಕೊನೆಯಲ್ಲಿ ಬಂದು ‘ಕರ್ತರು ಬೇರೆ ಹೊಲ ತೋರಿಸಿದ್ದಾರೆ’ ಎಂದರು. ಸಮಿತಿ ಪ್ರಾರ್ಥನೆ ಮಾಡಿ ಒಪ್ಪಿತು. ಲಾರಿಗೆ ಸಾಮಾನು ಏರಿಸುವಾಗ ಅವರ ಹೆಂಡತಿ ಒಲೆಯ ಪಕ್ಕದ ಗೂಡಿನಿಂದ ಒಂದು ಶಾಲೆಯ ಶುಲ್ಕದ ಚೀಟಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡದ್ದನ್ನು ಕಂಡೆ. ಇಬ್ಬರು ಮಕ್ಕಳದು, 2 ಕಂತು ಬಾಕಿ. ಅವರ ಸಂಬಳವನ್ನು ನಾವು 4 ವರ್ಷದಿಂದ ಏರಿಸಿರಲಿಲ್ಲ. ಅದೇ ವರ್ಷ ಹೊಸ ಸ್ಪೀಕರ್ ತಂದಿದ್ದೆವು. ಕರ್ತರು ತೋರಿಸಿದ ಹೊಲವೆಂದರೆ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವ ಒಂದು ಹಾಸ್ಟೆಲಿನ ಕೆಲಸ. ಅದರಲ್ಲಿ ದೇವರ ಕೈ ಇರಲಿಲ್ಲ ಎನ್ನಲಾರೆ. ಆದರೆ ನಮ್ಮ ಕೈ ಎಷ್ಟಿತ್ತು ಎಂಬುದನ್ನು ಆ ಒಂದು ಪದ ಮುಚ್ಚಿಹಾಕಿತು.

ಹಾಗಾಗಿ ಹೊರಡುವವರೊಂದಿಗೆ ಒಬ್ಬ ಹಿರಿಯರು ಮನೆಗೇ ಹೋಗಿ, ಹೆಂಡತಿಯೂ ಕೂತಿರುವಾಗ, ಒಂದು ಗಂಟೆ ಮಾತಾಡಲಿ. ‘ಯಾವುದನ್ನು ನಾವು ಹೋದ ವರ್ಷವೇ ಸರಿಮಾಡಬಹುದಿತ್ತು?’ ಎಂದು ಕೇಳಲಿ. ಉತ್ತರವನ್ನು ಬರೆದಿಡಲಿ. ಮುಂದಿನ ನೇಮಕಕ್ಕೆ ಮೊದಲು ಸಮಿತಿ ಅದನ್ನು ಓದಲಿ.

ಎಷ್ಟು ದಿನ ಮೊದಲು ತಿಳಿಸಬೇಕು?

ನೇಮಕ ಪತ್ರದಲ್ಲಿ ಬರೆದಷ್ಟು. ನೇಮಕ ಪತ್ರವೇ ಇಲ್ಲ ಎನ್ನುವ ಸಭೆಗಳೇ ಹೆಚ್ಚು, ಅಂಥವರು ಈ ವಾರವೇ ಒಂದು ಹಾಳೆ ಬರೆಯಲಿ. ಕಚೇರಿ ಗುಮಾಸ್ತ, ವಾಚ್‌ಮನ್, ಡ್ರೈವರಿಗೆ ಒಂದು ತಿಂಗಳು, ಪಾಸ್ಟರಿಗೆ 3 ತಿಂಗಳು ಸಾಕು. ಅದಕ್ಕಿಂತ ಉದ್ದವಾದರೆ ಹೊರಡುವವರ ಮನಸ್ಸು ಆಗಲೇ ಊರು ಬಿಟ್ಟಿರುತ್ತದೆ, ಪ್ರಸಂಗದಲ್ಲಿ ಅದು ಕೇಳಿಸುತ್ತದೆ. ಡಿಸೆಂಬರಿನಲ್ಲೂ ಈಸ್ಟರಿಗೆ ಮೊದಲಿನ 40 ದಿನಗಳಲ್ಲೂ ಹೊರಡದಿದ್ದರೆ ಒಳ್ಳೆಯದು. ಮಕ್ಕಳಿರುವವರಿಗೆ ಏಪ್ರಿಲ್, ಮೇ ಅನುಕೂಲ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ವರ್ಗಾವಣೆ ಪತ್ರಕ್ಕೆ ಅಲೆಯುವುದು ಯಾರಿಗೂ ಬೇಡ.

ಸಮಿತಿಯ ಮೀಟಿಂಗಿನಲ್ಲಿ ಸಿಟ್ಟಿನಿಂದ ‘ನಾಳೆಯಿಂದ ಬರುವುದಿಲ್ಲ’ ಎಂದು ಎದ್ದು ಹೋದರು. ರಾಜೀನಾಮೆ ಎಂದು ಬರೆದುಕೊಳ್ಳಬೇಕೇ?

ಬೇಡ. ಆ ಮಾತನ್ನು ಠರಾವು ಪುಸ್ತಕಕ್ಕೆ ಏರಿಸಬೇಡಿ. 3 ದಿನ ಬಿಟ್ಟು, ಆ ಮೀಟಿಂಗಿನಲ್ಲಿ ಬಾಯಿ ಬಿಡದೆ ಕೂತಿದ್ದ ಯಾರಾದರೂ ಹೋಗಿ ಕಾಫಿ ಕುಡಿದು ಬರಲಿ. ಆಗಲೂ ಅದೇ ಮಾತಾದರೆ ಸಹಿ ಮಾಡಿದ ಪತ್ರ ಕೇಳಿ. ಬಾಯಿಮಾತಿನ ರಾಜೀನಾಮೆಯನ್ನು ಹಿಡಿದುಕೊಂಡು ‘ಅವರೇ ಹೋದರು’ ಎನ್ನುವುದು ಬೇಡವಾದವರನ್ನು ಕಳುಹಿಸುವ ಹಳೆಯ ಉಪಾಯ. ಜನರಿಗೆ ಅದು ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ.

## ಹಣ, ಮನೆ, ಬೀಗದ ಕೈ

ಹೊರಡುವವರಿಗೆ ಏನೇನು ಕೊಡಬೇಕಾಗುತ್ತದೆ? ಬೀಳ್ಕೊಡುಗೆಯಲ್ಲಿ ಪ್ರೀತಿಯ ಕಾಣಿಕೆ ಎತ್ತಿದರೆ ಸಾಲದೇ?

ಸಾಲದು. ಬಾಕಿ ಬೇರೆ, ಪ್ರೀತಿ ಬೇರೆ. ಕೊಡಬೇಕಾದ ಸಂಬಳವನ್ನು ಶಾಲಿನ ಕೆಳಗೆ ಕವರಿನಲ್ಲಿಟ್ಟು ಕಾಣಿಕೆ ಎನ್ನುವುದು ಇಬ್ಬರಿಗೂ ಅವಮಾನ.

ಕೊನೆಯ ದಿನದವರೆಗಿನ ಸಂಬಳ ಮೊದಲು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ 2 ಕೆಲಸದ ದಿನಗಳೊಳಗೆ ಅದು ಚುಕ್ತಾ ಆಗಬೇಕು. ಭವಿಷ್ಯ ನಿಧಿಯ ಕಾಯ್ದೆ ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಅನ್ವಯಿಸುತ್ತದೆ. ನಿಮ್ಮಲ್ಲಿ ಪಿ.ಎಫ್. ಇದ್ದರೆ ಕೆಲಸ ಬಿಟ್ಟ ದಿನಾಂಕವನ್ನು ಪೋರ್ಟಲಿನಲ್ಲಿ ನಮೂದಿಸಲು ಮರೆಯಬೇಡಿ. ಈ ಒಂದು ಸಾಲು ತುಂಬದ ಕಾರಣ ತಮ್ಮದೇ ಹಣಕ್ಕಾಗಿ ತಿಂಗಳುಗಟ್ಟಲೆ ಫೋನ್ ಮಾಡಿದ ಒಬ್ಬ ಡ್ರೈವರನ್ನು ನಾನು ಬಲ್ಲೆ.

ಗ್ರಾಚ್ಯುಟಿಯ (ದೀರ್ಘ ಸೇವೆಗೆ ಕೊನೆಗೆ ಕೊಡುವ ಇಡಿಗಂಟಿನ) ಲೆಕ್ಕ 1972ರ ಕಾಯ್ದೆಯದು, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಉಳಿದಿದೆ: 10 ಅಥವಾ ಹೆಚ್ಚು ನೌಕರರು, ಸಾಮಾನ್ಯವಾಗಿ 5 ವರ್ಷದ ಸೇವೆ, ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನ ಎಂದು ಭಾಗಿಸುವುದು. ತಿಂಗಳಿಗೆ 12,000 ರೂಪಾಯಿ ಪಡೆಯುತ್ತಿದ್ದವರು 14 ವರ್ಷ ದುಡಿದಿದ್ದರೆ ಸುಮಾರು 96,900 ರೂಪಾಯಿ. ಪಾಸ್ಟರ್ ಕಾನೂನಿನ ಅರ್ಥದಲ್ಲಿ ನೌಕರರೋ ಅಲ್ಲವೋ ಎಂಬ ವಾದ ವಕೀಲರಿಗಿರಲಿ. ವಾಚ್‌ಮನ್, ಗುಮಾಸ್ತರ ವಿಷಯದಲ್ಲಿ ಆ ವಾದಕ್ಕೆ ಜಾಗವಿಲ್ಲ.

‘ನಾವು ಇರುವುದೇ 3 ಜನ, ನಮಗೆ ಇದ್ಯಾವುದೂ ಬರುವುದಿಲ್ಲ’ ಎನ್ನುವ ಸಭೆಗಳಿಗೆ ನಾನು ಹೇಳುವುದು ಇಷ್ಟೆ: ಕಾನೂನು ಕೇಳದಿದ್ದರೂ ಅದೇ ಅಳತೆಗೋಲು ಇಟ್ಟುಕೊಳ್ಳಿ. ಪ್ರತಿ ತಿಂಗಳು ಪ್ರತಿಯೊಬ್ಬರ ಹೆಸರಲ್ಲಿ ಸಂಬಳದ ಇಪ್ಪತ್ತರಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿ ಪ್ರತ್ಯೇಕ ಇಡಿ. ನಾವು ಇದನ್ನು ಶುರುಮಾಡಿದ್ದು ಆ ಉಪದೇಶಿ ಹೋದ ಮೇಲೆ.

ಪಾಸ್ಟರ್ ಮನೆ ಎಷ್ಟು ದಿನದಲ್ಲಿ ಖಾಲಿ ಮಾಡಿಸಬೇಕು?

ಹೊಸಬರು ನಾಳೆಯೇ ಬರುತ್ತಿಲ್ಲವಾದರೆ ಯಾಕೆ ಅವಸರ? ಒಂದು ತಿಂಗಳು ಕೊಡಿ, ಮಕ್ಕಳ ಪರೀಕ್ಷೆ ಇದ್ದರೆ ಅದು ಮುಗಿಯುವ ತನಕ ಕೊಡಿ. ದಿನಾಂಕವನ್ನು ಮಾತ್ರ ಬರೆದು ಕೊಡಿ. ಬೆಸ್ಕಾಂ ಬಿಲ್ಲು, ನೀರಿನ ಬಿಲ್ಲು, ಗ್ಯಾಸ್ ಸಂಪರ್ಕ ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ಮಂಚ ಸಭೆಯದೋ ಅವರದೋ ಎಂಬ ಜಗಳ ಸಣ್ಣದಲ್ಲ; ಮನೆಗೆ ಬಂದ ದಿನವೇ ಪಟ್ಟಿ ಮಾಡಿದ್ದರೆ ಹುಟ್ಟುವುದೇ ಇಲ್ಲ.

ಪಾಸ್ಟರಮ್ಮನ ಬಗ್ಗೆ ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಆಕೆಗೆ ನೇಮಕ ಪತ್ರವಿರಲಿಲ್ಲ, ಸಂಬಳವಿರಲಿಲ್ಲ. ಸ್ತ್ರೀಯರ ಕೂಟ ನಡೆಸಿದರು, ಆಸ್ಪತ್ರೆಗೆ ಊಟ ಒಯ್ದರು, ಕ್ರಿಸ್ಮಸ್ಸಿಗೆ ಮಕ್ಕಳ ನಾಟಕಕ್ಕೆ ಹಳೆಯ ಸೀರೆಗಳನ್ನು ಕತ್ತರಿಸಿ ಕುರುಬರ ಉಡುಪು ಹೊಲಿದರು. ಹುದ್ದೆ ಗಂಡನದು, ಊರು ಬಿಡುವುದು ಇಬ್ಬರೂ. ಆಕೆಯ ಗೆಳತಿಯರೆಲ್ಲ ಒಂದೇ ಭಾನುವಾರ ಹಿಂದಿನ ಸಭೆಯ ‘ಸಭಿಕರು’ ಆಗಿಬಿಡುತ್ತಾರೆ. ಬೀಳ್ಕೊಡುಗೆಯ ದಿನ ಆಕೆಗೂ ಮಾತಾಡಲು ಮೈಕ್ ಕೊಡಿ, ಮಾತು ಬೇಡವೆಂದರೆ ಬಿಡಿ. ಹೋದ ಮೇಲೆ ಮೊದಲ ತಿಂಗಳು ಯಾರಾದರೂ ಅಕ್ಕನವರು ವಾರಕ್ಕೊಮ್ಮೆ ಫೋನ್ ಮಾಡಲಿ.

ಏನೇನು ವಹಿಸಿಕೊಳ್ಳಬೇಕು? ಬೀಗದ ಕೈ ತೆಗೆದುಕೊಂಡರೆ ಆಯಿತಲ್ಲವೇ?

ಬೀಗದ ಕೈಯೇ ಎಷ್ಟು ಕಷ್ಟ ನೋಡಿ. ನಮ್ಮ ಮೊದಲ ವಾಚ್‌ಮನ್ ನಿವೃತ್ತರಾದ ದಿನ ಸೊಂಟದಿಂದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟರು. 23 ಇದ್ದವು. ಒಂದಕ್ಕೂ ಚೀಟಿ ಇರಲಿಲ್ಲ, ಎಲ್ಲ ಅವರ ಬೆರಳಿಗೆ ಗೊತ್ತು. ಇಬ್ಬರೂ ಸೇರಿ ಒಂದೊಂದೇ ಬೀಗಕ್ಕೆ ಹಾಕಿ ನೋಡುತ್ತಾ ಹೋದೆವು: ಗೇಟು, ವೆಸ್ಟ್ರಿ (ಪಾಸ್ಟರ್ ಉಡುಪು ತೊಡುವ ಕೋಣೆ), ಜನರೇಟರ್ ಕೋಣೆ, ಕಾಣಿಕೆ ಪೆಟ್ಟಿಗೆ, ಸಂಡೇ ಸ್ಕೂಲಿನ ಕಪಾಟು. ಕೊನೆಗೆ 5 ಉಳಿದವು. ‘ಇವು ಯಾವುದರವು ಅಣ್ಣಾ?’ ಎಂದರೆ, ‘ಬೀಗ ಹೋದವು ಸರ್, ಕೈ ಎಸೆಯಲು ಮನಸ್ಸಾಗಲಿಲ್ಲ’ ಎಂದರು. ಆ ಸಂಜೆ ಒಂದೊಂದಕ್ಕೂ ಬೇರೆ ಬಣ್ಣದ ದಾರ ಕಟ್ಟಿ, ಯಾವ ಬಣ್ಣ ಯಾವ ಬಾಗಿಲು ಎಂದು ರಿಜಿಸ್ಟರಿನ ಹಿಂದಿನ ಪುಟದಲ್ಲಿ ಬರೆದೆವು. ಆ ಪುಟ ಈಗಲೂ ಬಳಕೆಯಲ್ಲಿದೆ.

ಬೀಗದ ಕೈ ಆದ ಮೇಲೆ ಪುಸ್ತಕಗಳು: ದೀಕ್ಷಾಸ್ನಾನ, ಮದುವೆ, ಸಮಾಧಿಯ ರಿಜಿಸ್ಟರುಗಳು, ಸ್ಮಶಾನದ ರಸೀದಿ, ಜಾಗದ ಪತ್ರಗಳು. ಕೊನೆಯ ನಮೂದಿನ ಕೆಳಗೆ ಗೆರೆ ಎಳೆದು ಇಬ್ಬರೂ ಸಹಿ ಮಾಡಿ. ಬ್ಯಾಂಕಿನಲ್ಲಿ ಸಹಿ ಬದಲಿಸಲು ಸಮಿತಿಯ ಠರಾವಿನ ಪ್ರತಿ ಬೇಕು. ಸಭೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದು, ಹೊರಡುವವರು ಪದಾಧಿಕಾರಿಯೂ ಆಗಿದ್ದರೆ, ನೋಂದಣಾಧಿಕಾರಿಗೆ ಕೊಡುವ ಪಟ್ಟಿಯಲ್ಲೂ ಹೆಸರು ಬದಲಾಗಬೇಕು. ಇಲ್ಲವಾದರೆ 3 ವರ್ಷದ ನಂತರ ಜಾಗದ ವ್ಯವಹಾರದಲ್ಲಿ ಅವರ ಸಹಿ ಬೇಕಾಗುತ್ತದೆ, ಆಗ ನಿಮಗೂ ಅವರಿಗೂ ಮಾತುಕತೆಯೇ ಇರುವುದಿಲ್ಲ.

ಈಗಿನ ಬೀಗದ ಕೈ ಮೊಬೈಲಿನಲ್ಲೂ ಇದೆ. ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್, ಯೂಟ್ಯೂಬ್ ಚಾನೆಲ್, ಇಮೇಲ್ ಪಾಸ್‌ವರ್ಡ್, ಕಾಣಿಕೆಯ ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗುತ್ತದೆ ಎಂಬುದು. ಕೊನೆಯದನ್ನು ಮೊದಲು ನೋಡಿ.

ಲೆಕ್ಕ ಒಪ್ಪಿಸುವುದೆಂದರೆ ಅನುಮಾನ ಎಂದು ಕೆಲವು ಸೇವಕರು ಮುನಿಸಿಕೊಳ್ಳುತ್ತಾರೆ. ಬೈಬಲಿನಲ್ಲಿ ಸಮುವೇಲನು ಹುದ್ದೆ ಬಿಡುವಾಗ ತಾನಾಗಿಯೇ ಜನರ ಮುಂದೆ ನಿಂತು, ಯಾರ ಎತ್ತನ್ನು, ಯಾರ ಕತ್ತೆಯನ್ನು ತೆಗೆದುಕೊಂಡಿದ್ದೇನೆ ಹೇಳಿ ಎಂದು ಕೇಳಿದ. ಜನ ‘ಇಲ್ಲ’ ಎಂದರು. ಆ ‘ಇಲ್ಲ’ವನ್ನು ಬರಹದಲ್ಲಿ ಪಡೆದು ಹೊರಡುವುದು ಹೋಗುವವರಿಗೇ ಲಾಭ.

ನಮ್ಮ ಪಾಸ್ಟರ್ ಮುಂದಿನ ತಿಂಗಳು ಹೊರಡುತ್ತಾರೆ. ಮಗಳ ಮದುವೆ ಅದರ ಮುಂದಿನ ತಿಂಗಳು. ಹೊಸ ಪಾಸ್ಟರ್ ನಡೆಸಿಕೊಡಬಹುದಲ್ಲವೇ?

ನಿಲ್ಲಿ. ಕಾರ್ಡು ಅಚ್ಚಿಗೆ ಕೊಡುವ ಮೊದಲು ಇದನ್ನು ಓದಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಮದುವೆ ನಡೆಸುವ ಅಧಿಕಾರ ಎಲ್ಲ ಪಾಸ್ಟರುಗಳಿಗೂ ಇರುವುದಿಲ್ಲ. ಬಿಷಪರಿಂದ ಗುರುದೀಕ್ಷೆ ಪಡೆದವರಿಗೆ ಇದೆ. ಹಾಗಾಗಿ ಕಥೋಲಿಕ ಮತ್ತು ಸಿ.ಎಸ್.ಐ. ಗುರುಗಳು ಬದಲಾದರೂ ತೊಂದರೆಯಿಲ್ಲ. ಸ್ವತಂತ್ರ ಸಭೆಯ ಪಾಸ್ಟರ್ ಸರ್ಕಾರದಿಂದ ಪರವಾನಗಿ ಪಡೆದಿರಬೇಕು. ಆ ಪರವಾನಗಿ ವ್ಯಕ್ತಿಯದು, ಸಭೆಯದಲ್ಲ. ಹಳೆಯ ಪಾಸ್ಟರ್ ಹೊರಟರೆ ಅದೂ ಅವರ ಜೊತೆಗೇ ಹೊರಟಿತು. ಹೊಸಬರು ಹೊಸದಾಗಿ ಪಡೆಯಬೇಕು. ಅಧಿಕಾರವಿಲ್ಲದೆ ಮದುವೆ ನಡೆಸಿದವರಿಗೆ ಆ ಕಾಯ್ದೆಯ 68ನೇ ಕಲಮಿನಲ್ಲಿ 10 ವರ್ಷದವರೆಗೆ ಶಿಕ್ಷೆ ಇದೆ. ಶಿಕ್ಷೆ ಆಗುತ್ತದೋ ಬಿಡುತ್ತದೋ, ಪಾಸ್‌ಪೋರ್ಟಿಗೋ ಪಿಂಚಣಿಗೋ ಮದುವೆಯ ಪತ್ರ ಬೇಕಾದ ದಿನ ಒದ್ದಾಡುವವರು ಆ ದಂಪತಿ.

ದಾರಿಗಳಿವೆ. ಹೊರಡುವ ಪಾಸ್ಟರನ್ನೇ ಆ ದಿನಕ್ಕೆ ಕರೆಸಿಕೊಳ್ಳಬಹುದು, ಅವರ ಪರವಾನಗಿ ಆ ಸ್ಥಳಕ್ಕೆ ಸಲ್ಲುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಅಧಿಕಾರವಿರುವ ಬೇರೆ ಸಭೆಯ ಗುರುಗಳನ್ನು ಕೇಳಬಹುದು. ಅಥವಾ 1954ರ ವಿಶೇಷ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ 30 ದಿನದ ನೋಟಿಸು ಕೊಟ್ಟು ನೋಂದಣಿ ಮಾಡಿಸಿ, ಸಭೆಯಲ್ಲಿ ಆಶೀರ್ವಾದದ ಆರಾಧನೆ ಇಟ್ಟುಕೊಳ್ಳಬಹುದು. ಪಾಸ್ಟರ್ ರಾಜೀನಾಮೆ ಕೊಟ್ಟ ವಾರವೇ ಕಾರ್ಯದರ್ಶಿ ಮಾಡಬೇಕಾದ ಕೆಲಸವೆಂದರೆ ನಿಶ್ಚಯವಾಗಿರುವ ಮದುವೆಗಳ ಪಟ್ಟಿ ತೆಗೆಯುವುದು. ನಾನೇ ಒಮ್ಮೆ ಮರೆತಿದ್ದೆ. ಆ ಹುಡುಗಿಯ ತಂದೆ ಇನ್ನೂ ನನ್ನೊಂದಿಗೆ ಅರ್ಧ ಮಾತು.

## ಜನರಿಗೆ ಹೇಳುವುದು, ಕಳುಹಿಸಿಕೊಡುವುದು

ಸಭೆಗೆ ಎಷ್ಟು ಹೇಳಬೇಕು? ಎಲ್ಲ ಹೇಳಿದರೆ ಗುಲ್ಲು, ಹೇಳದಿದ್ದರೆ ಇನ್ನೂ ಗುಲ್ಲು.

ಹೇಳಿದ್ದೆಲ್ಲ ನಿಜವಿರಲಿ, ನಿಜವೆಲ್ಲವನ್ನೂ ಹೇಳಬೇಕಾಗಿಲ್ಲ. ಹೊರಡುವವರೊಂದಿಗೆ ಕೂತು 4 ಸಾಲು ಬರೆಯಿರಿ, ಇಬ್ಬರೂ ಒಪ್ಪಿದ ಆ ಸಾಲುಗಳನ್ನೇ ಎಲ್ಲೆಡೆ ಓದಿ. ಉದಾಹರಣೆಗೆ: ‘ನಮ್ಮ ಪಾಸ್ಟರ್ 6 ವರ್ಷದ ಸೇವೆಯ ನಂತರ ಮೇ ಕೊನೆಗೆ ಹೊರಡುತ್ತಿದ್ದಾರೆ. ಅವರ ತಂದೆತಾಯಿಯ ಆರೈಕೆಗಾಗಿ ಊರಿಗೆ ಹತ್ತಿರವಿರಬೇಕಾಗಿದೆ. ಕೆಲಸದ ರೀತಿಯ ಬಗ್ಗೆ ಸಮಿತಿಗೂ ಅವರಿಗೂ ಕೆಲವು ಭಿನ್ನಾಭಿಪ್ರಾಯಗಳಿದ್ದವು, ಅವನ್ನು ಮಾತಾಡಿ ಮುಗಿಸಿದ್ದೇವೆ. ಜೂನ್‌ನಿಂದ ಆರಾಧನೆಯ ಹೊಣೆ ಹಿರಿಯರದು.’ ಭಿನ್ನಾಭಿಪ್ರಾಯದ ಆ ಸಾಲನ್ನು ತೆಗೆಯಲು ಎಲ್ಲರೂ ಒತ್ತಾಯಿಸುತ್ತಾರೆ. ತೆಗೆಯಬೇಡಿ. ಜನರಿಗೆ ಅದು ಆಗಲೇ ಗೊತ್ತಿರುತ್ತದೆ. ನೀವು ಹೇಳದಿದ್ದರೆ ಉಳಿದ 3 ಸಾಲನ್ನೂ ನಂಬುವುದಿಲ್ಲ.

ಮೊದಲು ಹಿರಿಯರಿಗೆ, ಅದೇ ವಾರ ಸಂಡೇ ಸ್ಕೂಲ್ ಶಿಕ್ಷಕರಿಗೆ ಮತ್ತು ಮನೆಕೂಟ ನಡೆಸುವವರಿಗೆ, ಭಾನುವಾರ ಎಲ್ಲರಿಗೂ. ಹಳ್ಳಿಯ ಕೂಟಗಳನ್ನು ಮರೆಯಬೇಡಿ. ಜಗಳೂರಿನ ಕಡೆಯ ಒಂದು ಕೂಟದವರಿಗೆ ನಮ್ಮ ಪಾಸ್ಟರ್ ಹೋದದ್ದು ಬಸ್ಸಿನಲ್ಲಿ ಯಾರೋ ಹೇಳಿ ತಿಳಿಯಿತು. ಅವರು ದೂರಲಿಲ್ಲ, ಎರಡು ತಿಂಗಳು ಕಾಣಿಕೆ ಕಳುಹಿಸಲಿಲ್ಲ ಅಷ್ಟೆ.

ಬೀಳ್ಕೊಡುಗೆ ಹೇಗಿರಬೇಕು?

ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಲ್ಲ ಇರಲಿ. ಭಾಷಣ ಮೂರಕ್ಕಿಂತ ಹೆಚ್ಚು ಬೇಡ, ಅದರಲ್ಲಿ ಒಂದು ಮಕ್ಕಳದಾಗಿರಲಿ. ನಮ್ಮೂರಿನಲ್ಲಿ ಬೆಣ್ಣೆ ದೋಸೆಯ ಒಲೆಯನ್ನು ಅಂಗಳಕ್ಕೇ ತರಿಸಿಬಿಟ್ಟರೆ ಭಾಷಣ ತಾನಾಗಿಯೇ ಚಿಕ್ಕದಾಗುತ್ತದೆ. ವಾಚ್‌ಮನ್ ಹೊರಡುವಾಗಲೂ ಹೀಗೆಯೇ ಮಾಡಿ. 11 ವರ್ಷ ಗಂಟೆ ಬಾರಿಸಿದವರಿಗೆ ಒಂದು ಪ್ಯಾಕೆಟ್ ಸಿಹಿ ಕೊಟ್ಟು, 11 ತಿಂಗಳು ಇದ್ದ ಸಹಾಯಕ ಪಾಸ್ಟರಿಗೆ ಬೆಳ್ಳಿಯ ತಟ್ಟೆ ಕೊಟ್ಟ ಸಭೆಯನ್ನು ನಾನು ನೋಡಿದ್ದೇನೆ. ಅದು ನಮ್ಮದೇ.

20 ವರ್ಷ ಮನೆ ಮನೆ ತಿರುಗಿದ ಬೈಬಲ್ ವುಮನ್‌ಗೆ ಈಗ ಮೊಣಕಾಲು ನೋವು. ಬಿಡಿ ಎಂದು ಹೇಳುವುದು ಹೇಗೆ?

ಮೊದಲು ಆಕೆ ಬದುಕುವುದು ಹೇಗೆ ಎಂದು ಲೆಕ್ಕ ಹಾಕಿ, ಆಮೇಲೆ ಹೇಳುವುದು ಹೇಗೆ ಎಂದು ಯೋಚಿಸಿ. ಇಂಥ ಸೇವಕಿಯರಲ್ಲಿ ಬಹಳಷ್ಟು ಮಂದಿ ವಿಧವೆಯರು, ಗೌರವಧನದ ಹೆಸರಲ್ಲಿ ಬಸ್ ಚಾರ್ಜಿನಷ್ಟು ಪಡೆದವರು. ವಿಧವಾ ವೇತನವೋ ಸಂಧ್ಯಾ ಸುರಕ್ಷಾವೋ ಬರುತ್ತಿದೆಯೇ ನೋಡಿ, ಬರದಿದ್ದರೆ ಸಭೆಯ ಹುಡುಗರು ನಾಡಕಚೇರಿಗೆ ಜೊತೆಗೆ ಹೋಗಿ ಅರ್ಜಿ ಹಾಕಿಸಲಿ. ಸಭೆಯಿಂದ ತಿಂಗಳಿಗೆ ಇಂತಿಷ್ಟು ಜೀವನಪರ್ಯಂತ ಎಂದು ಠರಾವು ಮಾಡಿ. ಆ ಠರಾವಿನ ಪ್ರತಿಯನ್ನು ಹಿಡಿದುಕೊಂಡು ಹೋಗಿ ಮಾತಾಡಿದರೆ ಮಾತು ಸುಲಭ.

ಕೆಲಸ ಪೂರ್ತಿ ಕಿತ್ತುಕೊಳ್ಳಬೇಡಿ. ತಿರುಗಾಟ ನಿಲ್ಲಲಿ, ಬುಧವಾರದ ಪ್ರಾರ್ಥನೆ ಆಕೆಯ ಮನೆಯಲ್ಲೇ ನಡೆಯಲಿ. ನಮ್ಮ ಸಭೆಯ ಬೈಬಲ್ ವುಮನ್ ಇದಕ್ಕೆ ಒಪ್ಪಿದಾಗ ಒಂದೇ ಷರತ್ತು ಹಾಕಿದರು: ತಮ್ಮ ಹಳೆಯ ಛತ್ರಿಯನ್ನು ಮುಂದೆ ಬರುವವಳಿಗೆ ತಾವೇ ಕೊಡಬೇಕು.

## ಕಷ್ಟದವು

ನಮ್ಮನ್ನು ಬಿಟ್ಟ ಪಾಸ್ಟರ್ ಎರಡು ಬೀದಿ ಆಚೆ ಹೊಸ ಸಭೆ ತೆರೆದಿದ್ದಾರೆ. ನಮ್ಮ 12 ಕುಟುಂಬಗಳು ಅಲ್ಲಿಗೆ ಹೋಗುತ್ತಿವೆ. ಏನು ಮಾಡಬೇಕು?

ಮಾಡಬಾರದ್ದನ್ನು ಮೊದಲು ಹೇಳುತ್ತೇನೆ. ಆ ಕುಟುಂಬಗಳಿಗೆ ಸಮಾಧಿಯ ಜಾಗ ಇಲ್ಲ ಎನ್ನಬೇಡಿ. ಹಳೆಯ ದೀಕ್ಷಾಸ್ನಾನದ ಪತ್ರ ಕೇಳಿದರೆ ಸತಾಯಿಸಬೇಡಿ. ಪ್ರಸಂಗದಲ್ಲಿ ಹೆಸರೆತ್ತದೆ ಚುಚ್ಚಬೇಡಿ; ಹೆಸರೆತ್ತಿ ಚುಚ್ಚುವುದಕ್ಕಿಂತ ಅದು ಕೀಳು.

ಬಿಟ್ಟವರು ಹೊಸ ಸಭೆ ತೆರೆಯುವುದನ್ನು ತಡೆಯುವ ಹಕ್ಕು ನಿಮಗಿಲ್ಲ. ನಿಮ್ಮ ಸದಸ್ಯರ ಫೋನ್ ಪಟ್ಟಿ, ಸಭೆಯ ಹೆಸರು, ರಸೀದಿ ಪುಸ್ತಕ ಬಳಸಬಾರದೆಂದು ಹೇಳುವ ಹಕ್ಕಿದೆ, ಅದನ್ನು ಬರೆದು ತಿಳಿಸಿ. ಇಬ್ಬರು ಹಿರಿಯರು ಆ ಪಾಸ್ಟರನ್ನು ಭೇಟಿಯಾಗಿ, ಒಂದು ವರ್ಷದ ತನಕ ನಮ್ಮ ಮನೆಗಳಿಗೆ ಕರೆಯದೆ ಹೋಗಬೇಡಿ ಎಂದು ಕೇಳಿಕೊಳ್ಳಲಿ. ಕೆಲವರು ಒಪ್ಪುತ್ತಾರೆ. ಆಮೇಲೆ 12 ಮನೆಗಳಿಗೂ ಒಂದೊಂದು ಭೇಟಿ: ವಾಪಸ್ಸು ಬನ್ನಿ ಎನ್ನಲು ಅಲ್ಲ, ಯಾಕೆ ಹೋದಿರಿ ಎಂದು ಕೇಳಿಸಿಕೊಳ್ಳಲು. ಕೊರಿಂಥದವರು ‘ನಾನು ಪೌಲನವನು, ನಾನು ಅಪೊಲ್ಲೋಸನವನು’ ಎಂದು ಗುಂಪು ಕಟ್ಟಿದಾಗ ಪೌಲ ಕೊಟ್ಟ ಉತ್ತರ ಗೊತ್ತಿದೆಯಲ್ಲ, ಒಬ್ಬ ನೆಟ್ಟ, ಒಬ್ಬ ನೀರು ಹೊಯ್ದ. ಅದನ್ನು ಓದುವುದು ಸುಲಭ, 12 ಕುಟುಂಬದ ಕಾಣಿಕೆ ಕಡಿಮೆಯಾದ ತಿಂಗಳಲ್ಲಿ ಓದುವುದು ಕಷ್ಟ. ಆ ತಿಂಗಳಲ್ಲೇ ಓದಿ.

ಕಾಣಿಕೆಯ ಲೆಕ್ಕದಲ್ಲಿ ವ್ಯತ್ಯಾಸ ಬಂದು ಗುಮಾಸ್ತರನ್ನು ಬಿಡಿಸಿದ್ದೇವೆ. ಸಭೆಗೆ ಹೇಳಬೇಕೇ, ಮುಚ್ಚಬೇಕೇ?

ಕೂಡುವ ತಪ್ಪೋ ಕೈಚಳಕವೋ ಎಂದು ತೀರ್ಮಾನವಾಗುವ ಮೊದಲೇ ಬಿಡಿಸಿದ್ದರೆ ನೀವು ಮಾಡಿದ್ದು ಸರಿಯಲ್ಲ. ಲೆಕ್ಕವನ್ನು ಮುಂದಿಟ್ಟು, ಬರಹದಲ್ಲಿ ಉತ್ತರ ಕೊಡಲು ಅವಕಾಶ ಕೊಟ್ಟು, ಹೊರಗಿನ ಒಬ್ಬ ಲೆಕ್ಕಪರಿಶೋಧಕರಿಂದ ನೋಡಿಸಬೇಕಿತ್ತು. ಹಾಗೆ ಮಾಡಿ ತಪ್ಪು ಖಚಿತವಾಗಿದ್ದರೆ ಸಭೆಗೆ ಮೊತ್ತ ಹೇಳಿ, ವಸೂಲಿ ಎಷ್ಟಾಯಿತು ಹೇಳಿ. ಹಣ ಜನರದು. ಗುಮಾಸ್ತರ ಮನೆಯ ಕಷ್ಟಗಳ ವಿವರ ಜನರದಲ್ಲ. ಇನ್ನು, ಕಾಣಿಕೆಯನ್ನು ಒಬ್ಬರೇ ಎಣಿಸುವ ವ್ಯವಸ್ಥೆ ಮಾಡಿದ್ದವರು ಯಾರು ಎಂಬುದೂ ಆ ವರದಿಯಲ್ಲಿ ಬರಲಿ.

ಮಕ್ಕಳ ಅಥವಾ ಹೆಂಗಸರ ವಿಷಯದಲ್ಲಿ ದೂರು ಬಂದರೆ? ಮಾನ ಹೋಗದಂತೆ ಸದ್ದಿಲ್ಲದೆ ಕಳುಹಿಸಬಹುದೇ?

ಸಾಧ್ಯವಿಲ್ಲ. ಮಗುವಿನ ವಿಷಯವಾದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ; ಸಂಸ್ಥೆಯ ಹೊಣೆ ಹೊತ್ತವರಿಗೆ ಶಿಕ್ಷೆ ಇನ್ನೂ ಹೆಚ್ಚು. ಮಕ್ಕಳ ಸಹಾಯವಾಣಿ 1098. ಕೆಲಸ ಮಾಡುವ ಹೆಂಗಸಿನ ದೂರಾದರೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಿದೆ. 10 ನೌಕರರಿರುವ ಕಡೆ ಒಳ ಸಮಿತಿ ಇರಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ರಾಜೀನಾಮೆ ಪಡೆದು, ಒಳ್ಳೆಯ ಪ್ರಮಾಣಪತ್ರ ಕೊಟ್ಟು, ಚಳ್ಳಕೆರೆಯ ಆಚೆ ಎಲ್ಲಿಗೋ ಕಳುಹಿಸಿದರೆ ಅಲ್ಲಿಯೂ ಮಕ್ಕಳಿದ್ದಾರೆ. ಇದರಲ್ಲಿ ಪ್ರಾರ್ಥಿಸಿ ತೀರ್ಮಾನಿಸುವಂಥದ್ದು ಏನೂ ಇಲ್ಲ.

ಬೇರೆ ಸಭೆಯವರು ಫೋನ್ ಮಾಡಿ, ‘ನಿಮ್ಮಲ್ಲಿದ್ದವರು ಹೇಗೆ?’ ಎಂದು ಕೇಳುತ್ತಾರೆ. ಏನು ಹೇಳಲಿ?

ಹೊರಟವರ ಎದುರಿಗೆ ಹೇಳಬಲ್ಲದ್ದನ್ನು ಮಾತ್ರ. ಎಷ್ಟು ವರ್ಷ ಇದ್ದರು, ಏನು ಚೆನ್ನಾಗಿ ಮಾಡಿದರು, ಯಾವುದರಲ್ಲಿ ಸಹಾಯ ಬೇಕಾಗುತ್ತಿತ್ತು. ‘ಮತ್ತೆ ನೇಮಿಸಿಕೊಳ್ಳುತ್ತೀರಾ?’ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನಿ. ‘ದೇವರು ಅವರನ್ನು ಆಶೀರ್ವದಿಸಲಿ’ ಎಂದು ಎಳೆದು ಹೇಳಿದರೆ ಆ ರಾಗದಲ್ಲೇ ಅವರ ಹೊಟ್ಟೆಯ ಮೇಲೆ ಹೊಡೆದಿರುತ್ತೀರಿ.

ಹೊಸ ಪಾಸ್ಟರ್ ಬಂದಾಯಿತು. ಆದರೂ ಜನ ಮದುವೆಗೆ, ಶವಸಂಸ್ಕಾರಕ್ಕೆ ಹಳೆಯವರನ್ನೇ ಕರೆಯುತ್ತಾರೆ.

ಸ್ವಾಭಾವಿಕ. ತಾಯಿಯ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕೂತಿದ್ದವರು ಹಳೆಯವರೇ. ಬರಲಿ, ಆದರೆ ಹೊಸಬರ ಆಹ್ವಾನದ ಮೇಲೆ ಬರಲಿ: ಮನೆಯವರು ಹೊಸ ಪಾಸ್ಟರಿಗೆ ಹೇಳಬೇಕು, ಅವರು ಹಳೆಯವರಿಗೆ ಫೋನ್ ಮಾಡಬೇಕು. ಹಳೆಯವರು ಪ್ರಾರ್ಥನೆ ಮಾಡಲಿ, ನಡೆಸುವವರು ಹೊಸಬರಾಗಿರಲಿ. ಒಂದೆರಡು ವರ್ಷದಲ್ಲಿ ಹೊಸಬರೂ ಸಾಕಷ್ಟು ಹಾಸಿಗೆಗಳ ಪಕ್ಕ ಕೂತಿರುತ್ತಾರೆ.

ಬಿಟ್ಟು ಹೋದವರು ವಾಪಸ್ಸು ಬರುತ್ತೇನೆ ಎನ್ನುತ್ತಾರೆ. ಸೇರಿಸಿಕೊಳ್ಳಬಹುದೇ?

ಬೈಬಲಿನಲ್ಲಿ, ಜೊತೆಗಾರ ಮಾರ್ಕನ ವಿಷಯದಲ್ಲಿ ಪೌಲ ಮತ್ತು ಅವನ ಜೊತೆ ಸೇವಕ ಬಾರ್ನಬ ಇಬ್ಬರೂ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಅರ್ಧದಲ್ಲಿ ಬಿಟ್ಟು ಹೋದವನು ಬೇಡ ಎಂದ ಅದೇ ಪೌಲ ಮುಂದೊಂದು ದಿನ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂದು ತಿಮೊಥೆಗೆ ಬರೆದ. ನಡುವೆ ಏನಾಯಿತು ಎಂದು ಗ್ರಂಥ ಹೇಳುವುದಿಲ್ಲ. ನನ್ನ ಊಹೆ, ಬಾರ್ನಬ ಸುಮ್ಮನೆ ಜೊತೆಯಲ್ಲಿಟ್ಟುಕೊಂಡು ದುಡಿಸಿದ.

ಹುದ್ದೆ ಖಾಲಿ ಇದೆಯೇ, ಹೋದ ಕಾರಣ ಈಗ ಸರಿಹೋಗಿದೆಯೇ, ಈಗಿರುವವರನ್ನು ಪಕ್ಕಕ್ಕೆ ಸರಿಸಬೇಕಾಗುತ್ತದೆಯೇ, ಈ ಮೂರನ್ನು ಕೇಳಿಕೊಳ್ಳಿ. ಮೇಲೆ ಹೇಳಿದ ಉಪದೇಶಿ 6 ವರ್ಷದ ಮೇಲೆ ಬಂದರು. ಮಕ್ಕಳ ಓದು ಮುಗಿಯುತ್ತಾ ಬಂದಿತ್ತು. ಹುದ್ದೆ ಖಾಲಿ ಇರಲಿಲ್ಲ. ಸಮಿತಿಯಲ್ಲಿ ಒಬ್ಬರು ಹಳೆಯ ಶುಲ್ಕದ ಚೀಟಿಯ ಕಥೆ ಎತ್ತಿದಾಗ ಯಾರೂ ಮಾತಾಡಲಿಲ್ಲ. ಕೊನೆಗೆ ಸಂಡೇ ಸ್ಕೂಲಿಗೆ ಅರ್ಧ ದಿನದ ಕೆಲಸ ಹುಡುಕಿ ಕೊಟ್ಟೆವು, ಈ ಸಲ ಪತ್ರ ಬರೆದು, ವರ್ಷಕ್ಕೆಷ್ಟು ಏರಿಕೆ ಎಂಬುದನ್ನೂ ಬರೆದು. ಭಾನುವಾರ ಬೆಳಿಗ್ಗೆ 8ಕ್ಕೆ ಆ ಕಪಾಟು ತೆಗೆಯುವವರು ಈಗ ಅವರೇ. ಹಸಿರು ದಾರದ ಕೈ.